ಕಿರಿಯ ಸೊಸೆಯ ವಾಂತಿ

ಆಫೀಸಿನ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ದಿನಾ ನಕಲು ಮಾಡಿಡುವ ಮೂರು ಟೇಪ್ ಡ್ರೈವುಗಳನ್ನು ವಿಶಾಲಾಕ್ಷಮ್ಮ ತಮ್ಮ ಸೊಸೆಯರೆಂದೇ ಕರೆಯುತ್ತಿದ್ದರು. ಒಬ್ಬಳ ಪಾಲಿನ ಕೆಲಸಕ್ಕೆ ಇನ್ನೊಬ್ಬಳು ಕೈಹಾಕುವಂತಿರಲಿಲ್ಲ.

"ನಿನ್ನೆಯಿಂದ ಕಿರಿಯವಳದ್ದೇ ರಗಳೆ," ಎಂದು ಅವರು ರಿಪೇರಿಗೆ ಬಂದ ಮೋನಪ್ಪನಿಗೆ ದೂರಿದರು. "ಯಾವ ಟೇಪ್ ಹಾಕಿದ್ರೂ ವಾಂತಿ ಮಾಡ್ತಾಳೆ. ಅವಳ ಕೆಲಸ ವಾರಗಿತ್ತಿಯರು ಮಾಡೋ ಹಾಗೂ ಇಲ್ಲ. ಇವತ್ತೂ ಬ್ಯಾಕಪ್ ಆಗ್ಲಿಲ್ಲ ಅಂದ್ರೆ ಸಾಹೇಬ್ರು ನನ್ನನ್ನ ಬಿಡಲ್ಲ."

"ಏನಾದ್ರೂ ವಿಶೇಷನಾ ಮೇಡಂ?"

"ತಮಾಷೆ ಸಾಕು. ಬಿಚ್ಚಿ ನೋಡಪ್ಪ."

ಮೋನಪ್ಪ ತಿರುಪು ಬಿಚ್ಚಿ, ಮುಚ್ಚಳ ಎತ್ತಿ, ಒಳಗೆ ಟಾರ್ಚು ಬಿಟ್ಟ. ಆಮೇಲೆ ಸದ್ದಾಗದಂತೆ ಮುಚ್ಚಳವನ್ನು ಇದ್ದಲ್ಲೇ ಇಟ್ಟ.

"ಏನಾಗಿದೆ? ತವರಿಗೆ ಕಳಿಸ್ಬೇಕಾ, ಕಂಪನಿಗೆ?"

"ಬೇಡ ಮೇಡಂ, ಹೆರಿಗೆ ಇಲ್ಲೇ ಆಗಿಹೋಗಿದೆ. ತಾಯಿ ಇಲಿ, ಐದೂ ಮರಿ ಆರೋಗ್ಯವಾಗಿವೆ."