ಗಟ್ಟಿ ಕೆನೆ

ಬಿಸಿಲು ನೀರು ಕುಡಿಯದಂತೆ ಊರೂರಿನ ಕೆರೆಗೂ ಕೆನೆ ಹೊದಿಸಿದ ಮೇಲೆ, ಸತ್ತವರ ಬೂದಿ ಬಿಡಲು ಎಲ್ಲಿಯೂ ಬರಿ ನೀರು ಉಳಿದಿರಲಿಲ್ಲ. ಕೊಬ್ಬು, ಪ್ಲಾಸ್ಟಿಕ್ಕು ಕೂಡಿಸಿ ಹರಡಿದ ಆ ಪೊರೆ ಕಣ್ಣಿಗೆ ಕಾಣದು. ದಿನಾ ಬೆಳಿಗ್ಗೆ ಅದರ ಮೇಲೆ ಬಿಳಿ ಪುಡಿ ಉದುರಿಸಿ ನೋಡುವುದು ಸಕ್ಕೂಬಾಯಿಯ ಕೆಲಸ. ಗಾಳಿ ಬೀಸಿದರೂ ಪುಡಿ ನಿಂತಲ್ಲೇ ನಿಂತರೆ ಕೆನೆ ಗಟ್ಟಿ. ಸರಿದರೆ ಎಲ್ಲೋ ಹರಿದಿದೆ.

ಗಂಡ ನಾಮದೇವ ತೀರಿದ ಮೂರನೆಯ ದಿನ ಅವಳು ಪುಡಿಯ ಡಬ್ಬಿಯಲ್ಲಿ ಅವನ ಬೂದಿ ತುಂಬಿಕೊಂಡು ಬಂದಳು. ಕದ್ದು ಉದುರಿಸಿದರೆ ಮುಳುಗಿ ಹೋಗುತ್ತಾನೆ ಎಂದುಕೊಂಡಿದ್ದಳು. ಹನ್ನೆರಡು ವರ್ಷ ಇದೇ ಕೆಲಸ ಮಾಡಿದವಳಿಗೆ ಅಷ್ಟೂ ಹೊಳೆದಿರಲಿಲ್ಲ. ಬೂದಿ ಮುಳುಗಲಿಲ್ಲ, ಸರಿಯಲೂ ಇಲ್ಲ.

ಮೇಸ್ತ್ರಿ ದೇವಪ್ಪ ದಂಡೆಯಿಂದ ಬಗ್ಗಿ ನೋಡಿದ. "ಇವತ್ತ ಪುಡಿ ಯಾಕ ಹಿಂಗ ಮಾಸೈತಿ, ಸಕ್ಕೂಬಾಯಿ?"

"ಹಳೀದೈತ್ರಿ."

ಅವನು ತಲೆಯ ಮೇಲಿನ ಟೋಪಿ ತೆಗೆದ. "ಕೆನಿ ಗಟ್ಟಿ ಐತಿ ಅಂತ ಬರಿ."

ಬರೆದಳು.

ಮರುದಿನ ಬೆಳಿಗ್ಗೆ ನಾಮದೇವ ಅಲ್ಲೇ ಇದ್ದ. ಸಕ್ಕೂಬಾಯಿ ಡಬ್ಬಿ ತೆರೆದು, ಅವನ ಮೇಲೆಯೇ ಆ ದಿನದ ಬಿಳಿ ಪುಡಿ ಉದುರಿಸಿದಳು.