ಅಜ್ಜಿ ಹೊಲಿದ ಹಾವುಗಳು

ಸಂಯುಕ್ತಾ ಕೋಲು ಎತ್ತಿದಳು. ಮುಂದಿನ ಸಾಲಿನಲ್ಲಿದ್ದ ಅಂಬುಜಮ್ಮ ಕುರ್ಚಿಯ ತುದಿಗೆ ಸರಿದರು. 2004ರ ಆ ಮಾರ್ಚ್ ಬೆಳಿಗ್ಗೆ, ಮೌಂಟ್ ರಾಸ್ಕಿಲ್‌ನ ಶಾಲೆಯ ವೇದಿಕೆಯ ಮೇಲೆ, ನಾಟಕದಲ್ಲಿ ಅವರ ಮೊಮ್ಮಗಳು ಸಂತ ಪ್ಯಾಟ್ರಿಕ್; ಐರ್ಲೆಂಡಿನ ಹಾವುಗಳನ್ನೆಲ್ಲ ಸಮುದ್ರಕ್ಕೆ ಅಟ್ಟಿದನೆಂದು ಕಥೆಯಿರುವ ಪುಣ್ಯಾತ್ಮ. ಅವಳ ಕಾಲ ಬಳಿ ಐದು ಮಕ್ಕಳು ಹಸಿರು ಹೆಡೆ ತೊಟ್ಟು ತೆವಳುತ್ತಿದ್ದರು.

ಆ ಹೆಡೆಗಳನ್ನು ಹೊಲಿದವರು ಅಂಬುಜಮ್ಮನೇ. ಇಲ್ಲಿ, ನ್ಯೂಜಿಲೆಂಡಿನಲ್ಲಿ, ಪೂಜೆಗೆಂದರೂ ಹಾವೇ ಇಲ್ಲ. ಬಟ್ಟೆಯದಾದರೂ ಸರಿ ಎಂದು ಐದಕ್ಕೂ ಅರಿಶಿನ ಕುಂಕುಮ ಹಚ್ಚಿಬಿಟ್ಟಿದ್ದರು. "ನಾಗಪ್ಪನ ಮೇಲೆ ಕೋಲೆತ್ತಬಾರ್ದು ಕಣೇ," ಎಂದು ಹೊರಡುವಾಗಲೂ ಹೇಳಿದ್ದರು. "ಅಜ್ಜಿ, ಇಟ್ಸ್ ಜಸ್ಟ್ ಎ ಪ್ಲೇ!" ಎಂದಿದ್ದಳು ಹುಡುಗಿ.

ಈಗ ಹೆಡೆಗಳ ಮೇಲಿನ ಆ ಕುಂಕುಮ ಅವಳಿಗೆ ಕಂಡಿತೇನೋ. "ಗೋ!" ಎಂದು ಗದರಬೇಕಿದ್ದ ಸಂತ ಬಾಯಿ ತೆರೆದು ಹಾಗೇ ನಿಂತುಬಿಟ್ಟ. ಪರದೆಯ ಸಂದಿಯಿಂದ ಟೀಚರ್ ಮಾತು ನೆನಪಿಸುತ್ತಲೇ ಇದ್ದರು. ಸಂಯುಕ್ತಾ ಅಜ್ಜಿಯತ್ತ ನೋಡಿದಳು. ಕೋಲನ್ನು ಮೆಲ್ಲಗೆ ಇಳಿಸಿದಳು. ಬರಿದೇ 'ಹೋಗಿ' ಅನ್ನಬಾರದೆಂದು ಅಜ್ಜಿ ಮನೆಗೆ ಬಂದವರನ್ನೆಲ್ಲ ಬಾಗಿಲಲ್ಲಿ ನಿಂತು ಬೀಳ್ಕೊಡುವ ಮಾತನ್ನೇ, ಅಜ್ಜಿಯ ರಾಗದಲ್ಲೇ ಹೇಳಿದಳು: "ಹೋಗ್ಬನ್ನಿ."

ಕೋಲು ಇಳಿದದ್ದೇ ಸನ್ನೆ ಎಂದುಕೊಂಡು ನಾಲ್ಕು ಹಾವುಗಳು ಪರದೆಯಾಚೆ ಸರಿದವು. ಐದನೆಯದು ಪಕ್ಕದ ಮನೆಯ ಕೇದಾರ್, ಕನ್ನಡ ಬಲ್ಲ ಹಾವು. ಅದೂ ತೆವಳುತ್ತ ಹೋಯಿತು. ಅಂಬುಜಮ್ಮ ಕಣ್ಣು ಮುಚ್ಚಿ ಕೈಮುಗಿದು ಮತ್ತೆ ಕಣ್ಣು ತೆರೆಯುವಷ್ಟರಲ್ಲಿ ಅದು ವಾಪಸು ಬಂದು, ಸಂತನ ಕಾಲ ಬಳಿ ಹೆಡೆಯೆತ್ತಿ ಕೂತಿತ್ತು.