ಅಜ್ಜಿಯ ಕೈ ಮತ್ತು ನ್ಯೂಟ್ರಾನ್

ನಾಲ್ಕು ಸಲವೋ ಆರು ಸಲವೋ, ಅಜ್ಜಿ ಅಂದು ಕೈ ತೊಳೆದದ್ದಂತೂ ಖರೇ. ಒಣಮೆಣಸಿನಕಾಯಿಯ ಘಾಟು ಬಂದಾಗಲೆಲ್ಲ ನನ್ನ ನೆನಪು ಲೆಕ್ಕ ಬದಲಿಸುತ್ತದೆ. ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬಂದ ಅಜ್ಜಿ, ಹತ್ತು ದಿನದ ನನ್ನ ತಮ್ಮನನ್ನು ಎತ್ತಿಕೊಳ್ಳಲು ಕೈಚಾಚಿದಳು. ಎಷ್ಟು ತೊಳೆದರೂ ಕೈಯ ಖಾರ ಹೋಗಿರುವುದಿಲ್ಲವೆಂದು ಅವ್ವ ಕೊಡಲಿಲ್ಲ.

ರಾಣೆಬೆನ್ನೂರಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಾಕಾ ನಕ್ಕ. "ಅಣುಸ್ಥಾವರದಾಗ ನ್ಯೂಟ್ರಾನ್ ಹೊಕ್ಕರ ಕಬ್ಬಿಣನೇ ಒಳಗಿಂದ ಬದಲಾಗಿ ವಿಕಿರಣ ಬಿಡತೈತಿ, ತೊಳದ್ರ ಹೋಗಂಗಿಲ್ಲ, ತಣ್ಣಗಾಗಾಕ ವರ್ಷಗಟ್ಟಲೆ ಬೇಕು. ಖಾರ ಬರೇ ಮ್ಯಾಲಿನ ಧೂಳು. ಕೊಡ್ರಿ ವೈನಿ."

"ಮೊದಲ ನಿನ್ನ ಕಣ್ಣಿಗೆ ಹಚ್ಚಿಸ್ಕೊ," ಎಂದಳು ಅವ್ವ.

ಅಜ್ಜಿ ತೊಳೆದ ಬೆರಳಿನಿಂದಲೇ ಕಾಕಾನ ರೆಪ್ಪೆ ಸವರಿದಳು. ಕಾಕಾ ಚೀರುತ್ತ ಹಿತ್ತಲಿಗೆ ಓಡಿದ.

ಅಜ್ಜಿ ಅಂಗೈ ನೋಡಿಕೊಂಡು ಕೂಗಿ ಕೇಳಿದಳು: "ಹಂಗಾದ್ರ ಇವು ತಣ್ಣಗಾಗಾಕ ಎಷ್ಟು ದಿನಾ ಬೇಕೋ ಮಾಸ್ತರ?"

ಕಾಕಾ ಏನೆಂದನೋ, ಅಂದು ಅಜ್ಜಿ ಕೂಸನ್ನು ಎತ್ತಿಕೊಂಡಳೋ ಇಲ್ಲವೋ, ನನಗೆ ನೆನಪಿಲ್ಲ.